ಕೊಂಡಜ್ಜಿಯ ಸಕ್ಕರೆ ಆನೆ

ದೀಪಾವಳಿಯ ಹಣತೆ, ಚೆಂಡುಹೂವಿನ ವ್ಯಾಪಾರ ಮುಗಿಯುತ್ತಿದ್ದಂತೆ ದಾವಣಗೆರೆ, ಹರಿಹರದ ಪೇಟೆಬೀದಿಗಳಲ್ಲಿ ಸಕ್ಕರೆ ಗೊಂಬೆಗಳ ಸಾಲು ಶುರುವಾಗುತ್ತದೆ. ಆನೆ, ಒಂಟೆ, ಕುದುರೆ, ನವಿಲು, ಬಸವಣ್ಣ, ತೇರು, ತುಳಸಿಕಟ್ಟೆ, ಜೋಡಿ ಗಿಳಿ. ಕೊಳ್ಳುವ ಹೆಂಗಸರು ಒಂದೊಂದನ್ನೂ ಎತ್ತಿ, ತಿರುಗಿಸಿ, ಕಿವಿ ಕೊಕ್ಕು ಕಳಸ ಎಲ್ಲಾದರೂ ಮುಕ್ಕಾಗಿದೆಯಾ ಎಂದು ನೋಡುತ್ತಾರೆ. ಮುಕ್ಕಾದದ್ದು ಆರತಿ ತಟ್ಟೆಗೆ ಬರುವುದಿಲ್ಲ. ಕಾರ್ತಿಕ ಮಾಸದ ಗೌರಿ ಹುಣ್ಣಿಮೆವರೆಗೆ, ಅಂದರೆ ಸುಮಾರು ಎರಡು ವಾರ, ಈ ವ್ಯಾಪಾರ. ಹುಣ್ಣಿಮೆಯ ಮರುದಿನ ಅದೇ ಗೊಂಬೆಯನ್ನು ಕೇಳುವವರಿಲ್ಲ.

ದಾವಣಗೆರೆಯಿಂದ ಹಾವೇರಿ, ಗದಗ, ಧಾರವಾಡದ ತನಕ ಸಕ್ಕರೆ ಆರತಿಯ ಸೀಮೆ. ಓಣಿಯಲ್ಲೊಂದು ಮನೆಯಲ್ಲೋ ಗುಡಿಯಲ್ಲೋ ಗೌರಿಯನ್ನು ಕೂರಿಸುತ್ತಾರೆ. ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಹೊಸ ಲಂಗ, ಸೀರೆ ಉಟ್ಟು, ತಟ್ಟೆಯ ತುಂಬ ಸಕ್ಕರೆ ಗೊಂಬೆ ಜೋಡಿಸಿ, ನಡುವೆ ದೀಪ ಹಚ್ಚಿಕೊಂಡು ಗೌರಿಯನ್ನು ಬೆಳಗಲು ಹೋಗುತ್ತಾರೆ. ನಿಶ್ಚಯವಾದ ಹುಡುಗಿ ಇರುವ ಮನೆಗೆ ಗಂಡಿನ ಕಡೆಯವರು ಸೀರೆ, ಬಳೆ, ಹೂವಿನ ದಂಡೆಯ ಜತೆ ಸಕ್ಕರೆ ಆರತಿ ಹೊತ್ತು ತರುತ್ತಾರೆ. ಎಷ್ಟು ಗೊಂಬೆ ಬಂತು, ತೇರು ಎಷ್ಟು ದೊಡ್ಡದಿತ್ತು ಎಂಬುದು ಓಣಿಯಲ್ಲಿ ನಾಲ್ಕು ದಿನದ ಮಾತು.

ಗೊಂಬೆ ಮಾಡುವುದು ಕೆಲವೇ ಮನೆಗಳ ಕಸುಬು. ಜಾತ್ರೆಗೆ ಬೆಂಡು ಬತ್ತಾಸು ಮಾಡುವ ಕೈಗಳೇ ಕಾರ್ತಿಕದಲ್ಲಿ ಸಕ್ಕರೆ ಗೊಂಬೆ ಎರೆಯುತ್ತವೆ. ಸಕ್ಕರೆಗೆ ನೀರು ಬೆರೆಸಿ ಕುದಿಸುವಾಗ ಸ್ವಲ್ಪ ಹಾಲು ಬಿಡುತ್ತಾರೆ. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಅಪ್ಪಿಕೊಂಡು ಮೇಲೆ ಬರುತ್ತದೆ, ಅದನ್ನು ಸೌಟಿನಿಂದ ತೆಗೆದು ಚೆಲ್ಲುತ್ತಾರೆ. ಪಾಕ ಹದಕ್ಕೆ ಬಂದಾಗ ಇಳಿಸಿ, ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕುತ್ತಾರೆ. ಕನ್ನಡಿಯಂತಿದ್ದ ಪಾಕ ನೋಡನೋಡುತ್ತಿದ್ದಂತೆ ಬೆಳ್ಳಗಾಗುತ್ತದೆ. ಸಕ್ಕರೆ ಮತ್ತೆ ಹರಳುಗಟ್ಟಲು ಹೊರಟಿದೆ ಎಂಬುದಕ್ಕೆ ಅದೇ ಗುರುತು. ತಕ್ಷಣ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿ, ಅವಸರ ಮಾಡಿದರೆ ಗೊಂಬೆ ಅಂಟು. ಅಚ್ಚುಗಳು ಸಾಗವಾನಿಯವು, ಎರಡು ಹೋಳಿನವು. ಮೊದಲೇ ನೀರಲ್ಲಿ ನೆನೆಸಿಟ್ಟು, ಹೋಳು ಜೋಡಿಸಿ, ದಾರ ಬಿಗಿದು, ತಳದ ತೂತಿನಿಂದ ಪಾಕ ಬಿಡುತ್ತಾರೆ. ಒಣ ಮರಕ್ಕೆ ಸಕ್ಕರೆ ಕಚ್ಚಿಕೊಂಡರೆ ಗೊಂಬೆಯೂ ಹೋಯಿತು, ಅಚ್ಚೂ ಹೋಯಿತು.

ಈಗ ಎಪ್ಪತ್ತು ದಾಟಿದ ಹೆಂಗಸರಿಗೆ ಬೇರೆಯದೇ ನೆನಪಿದೆ. ಆಗ ಸಕ್ಕರೆ ಸೊಸೈಟಿಯಲ್ಲಿ, ಕಾರ್ಡಿಗೆ ಇಷ್ಟೇ ಎಂದು ಸಿಗುತ್ತಿತ್ತು. ಕಾರ್ಖಾನೆಗಳು ತಮ್ಮ ಉತ್ಪಾದನೆಯಲ್ಲಿ ಒಂದು ಪಾಲನ್ನು ಸರ್ಕಾರ ಹೇಳಿದ ದರಕ್ಕೆ ಪಡಿತರಕ್ಕೆ ಕೊಡಬೇಕಿದ್ದ ಲೆವಿ ಪದ್ಧತಿ 2013ರವರೆಗೂ ನಡೆಯಿತು. ಮನೆಯಲ್ಲಿ ದಿನದ ಬಳಕೆಗೆ ಬೆಲ್ಲ. ಸೊಸೈಟಿ ಸಕ್ಕರೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಗೌರಿ ಹುಣ್ಣಿಮೆ ಹತ್ತಿರ ಬಂದಾಗ ಗೊಂಬೆ ಮಾಡುವವರಿಗೆ ಕೊಟ್ಟು, ಕೂಲಿ ತೆತ್ತು ಆರತಿ ಮಾಡಿಸುತ್ತಿದ್ದರು. ಹಬ್ಬ ಮುಗಿದ ಮೇಲೆ ಗೊಂಬೆ ಒಡೆದು ಹಂಚುವಾಗ ಒಂಟೆಯ ಕಾಲು ಯಾರಿಗೆ, ಆನೆಯ ತಲೆ ಯಾರಿಗೆ ಎಂಬ ಜಗಳ. ಉಳಿದ ಚೂರುಗಳು ತಿಂಗಳುಗಟ್ಟಲೆ ಚಹಾಕ್ಕೆ.

ಸಕ್ಕರೆ ಅಂಗಡಿ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗತೊಡಗಿದ ಮೇಲೆ ಕೂಲಿಯ ಲೆಕ್ಕ ನಿಂತಿತು. ಸಿದ್ಧ ಗೊಂಬೆ ಕೆ.ಜಿ. ಲೆಕ್ಕದಲ್ಲಿ ಬಂತು, ಬಿಳಿಯ ಪಕ್ಕ ಗುಲಾಬಿ, ಹಳದಿ, ಹಸಿರು ಬಂದವು. ಗೊಂಬೆಗಳು ಸಣ್ಣವಾದವು, ಒಂದೇ ತರದವಾದವು. ಕಸುಬಿನ ಮನೆಗಳಲ್ಲಿ ಮಕ್ಕಳು ಬೇರೆ ಕೆಲಸ ಹಿಡಿದರು. ವರ್ಷಕ್ಕೆ ಎರಡು ವಾರ ಒಲೆಯ ಮುಂದೆ ಕೈ ಸುಟ್ಟುಕೊಳ್ಳುವ ದುಡಿಮೆಯನ್ನು ನಂಬಿ ಯಾರು ಕೂರುತ್ತಾರೆ? ಹಳೆಯ ಅಚ್ಚು ಸೀಳಿದರೆ ಹೊಸದು ಕೆತ್ತಿಸುವವರೂ ಕಡಿಮೆಯಾದರು.

ಈ ಹಾದಿಯಲ್ಲಿ ಉಲ್ಟಾ ನಡೆದ ಒಂದು ಮನೆ ಕೊಂಡಜ್ಜಿಯಲ್ಲಿದೆ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ಹೊರಗಿನವರು ಗುರುತಿಸುವುದು ಅದರ ಕೆರೆ, ಕಾಡು ಗುಡ್ಡ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರದಿಂದ. 1971ರಲ್ಲಿ ಚಿತ್ರದುರ್ಗದಿಂದಲೂ 1977ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಕ್ಷೇತ್ರದಿಂದಲೂ ಲೋಕಸಭೆಗೆ ಆಯ್ಕೆಯಾದ, ಸ್ಕೌಟ್ಸ್ ಚಳವಳಿಯನ್ನು ರಾಜ್ಯದಲ್ಲಿ ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಊರು ಇದು. ಶಿಬಿರಕ್ಕೆ ಬರುವ ಮಕ್ಕಳ ಗಲಾಟೆ ಊರಿಗೆ ರೂಢಿ. 2020ರಲ್ಲಿ ಅದಿರಲಿಲ್ಲ. ಕೊರೊನಾದಿಂದಾಗಿ ಮಾರ್ಚಿನಿಂದ ಶಾಲೆಗಳು ಮುಚ್ಚಿದ್ದವು, ಬೆಂಗಳೂರಿನ ಕೆಲಸದವರು ಲ್ಯಾಪ್‌ಟಾಪ್ ಹಿಡಿದು ಊರು ಸೇರಿದ್ದರು. ಆ ವರ್ಷ ಗೌರಿ ಹುಣ್ಣಿಮೆ ನವೆಂಬರ್ 30ಕ್ಕೆ ಬಂತು.

ಆ ಮನೆಯ ಅಜ್ಜ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಪ್ಯಾಟರ್ನ್ ಕೆಲಸ ಮಾಡಿದವರು. 1941ರಲ್ಲಿ ಶುರುವಾಗಿ, ಲೇತ್‌ಗಳಿಗೆ ಹೆಸರಾಗಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯಿಂದ ಸುತ್ತಲಿನ ಎಷ್ಟೋ ಮನೆಗಳ ಒಲೆ ಉರಿದಿತ್ತು. ಕಬ್ಬಿಣ ಎರಕ ಹೊಯ್ಯುವ ಮೊದಲು ಆ ಭಾಗದ ಪಡಿಯಚ್ಚನ್ನು ಮರದಲ್ಲಿ ಮಾಡುವುದು ಪ್ಯಾಟರ್ನ್‌ನವರ ಕೆಲಸ. ಮೊಮ್ಮಗ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದ, ಆಗ ಆನ್‌ಲೈನ್ ಕ್ಲಾಸು.

ಹುಣ್ಣಿಮೆಗೆ ವಾರವಿರುವಾಗ ಅಜ್ಜಿ ಹೇಳಿದರಂತೆ: "ಪೇಟೆಗೆ ಯಾರೂ ಹೋಗಾದು ಬ್ಯಾಡ. ಒಂದು ವರ್ಷ ಆರ್ತಿ ಇಲ್ದಿದ್ರೆ ಗೌರವ್ವ ಏನ್ ಸಿಟ್ಟಾಗಲ್ಲ." ಮೊಮ್ಮಗನಿಗೆ ಏನನ್ನಿಸಿತೋ, ಬಾಗಿಲ ಚೌಕಟ್ಟಿನ ಕೆಲಸದಲ್ಲಿ ಮಿಕ್ಕಿದ್ದ ಸಾಗವಾನಿ ತುಂಡೊಂದನ್ನು ಎತ್ತಿಕೊಂಡು, ಅಜ್ಜನ ಉಳಿ ಕೊಡತಿ ಕೇಳದೆ ತೆಗೆದುಕೊಂಡು ಜಗಲಿಯಲ್ಲಿ ಕೂತ. ಮೂರನೇ ದಿನಕ್ಕೆ ಆನೆಯ ಅಚ್ಚು ತಯಾರು. ಸೊಂಡಿಲು ಮುಂದಕ್ಕೆ ಚಾಚಿ, ತುದಿ ಸುರುಳಿ ಸುತ್ತಿತ್ತು, ನೋಡಿದವರೆಲ್ಲ ಹೊಗಳಿದರು. ಅಜ್ಜ ಅಚ್ಚನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಇಟ್ಟರು.

ಪಾಕ ಹೊಯ್ದರು, ಆರಿತು, ದಾರ ಬಿಚ್ಚಿದರು. ಆನೆ ಒಂದು ಹೋಳಿನಲ್ಲಿ, ಸೊಂಡಿಲು ಇನ್ನೊಂದರಲ್ಲಿ.

"ಡ್ರಾಫ್ಟ್ ಕೊಟ್ಟಿಲ್ಲಲ್ಲೋ" ಎಂದು ಅಜ್ಜ ಆಗ ಬಾಯಿ ಬಿಟ್ಟರು. ಮರಳಿನ ಅಚ್ಚಿನಿಂದ ಪಡಿಯಚ್ಚು ತೊಂದರೆಯಿಲ್ಲದೆ ಹೊರಬರಲು ಗೋಡೆಗಳಿಗೆ ಸ್ವಲ್ಪ ಇಳಿಜಾರು ಇರಬೇಕು; ಅದೇ ಡ್ರಾಫ್ಟ್. ಸಕ್ಕರೆಗೂ ಕಾನೂನು ಅದೇ. ಒಳಕ್ಕೆ ಬಾಗಿದ ಕಡೆಯಲ್ಲೆಲ್ಲ ಮರ ಗೊಂಬೆಯನ್ನು ಹಿಡಿದುಕೊಳ್ಳುತ್ತದೆ, ಬಿಡಿಸಹೋದರೆ ಮುರಿಯುತ್ತದೆ. ಮೊಮ್ಮಗ ಇದನ್ನೇ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ತೆಗೆದಿದ್ದ. ಆ ರಾತ್ರಿ ಅಜ್ಜ ಮೊಮ್ಮಗ ಸೇರಿ ಹೊಸ ಆನೆ ಕೆತ್ತಿದರು. ಈ ಸಲ ಸೊಂಡಿಲು ಕೆಳಗಿಳಿದು ಮುಂಗಾಲಿಗೆ ಅಂಟಿಕೊಂಡಿತು, ಕಿವಿ ಮೈಗೆ ಒತ್ತಿಕೊಂಡಿತು, ಬಾಲ ಹಿಂಗಾಲಿನ ಮೇಲೆ ಬಿತ್ತು. ಪೇಟೆಯ ಸಕ್ಕರೆ ಆನೆಗಳೆಲ್ಲ ಯಾಕೆ ಹಾಗೆ ಮುದುಡಿ ನಿಂತಿರುತ್ತವೆ, ಒಂಟೆಯ ಕಾಲುಗಳ ನಡುವೆ ಯಾಕೆ ಸಂದಿರುವುದಿಲ್ಲ, ನವಿಲಿನ ಕತ್ತು ಯಾಕೆ ಅಷ್ಟು ದಪ್ಪ ಎಂಬುದು ಮನೆಯವರಿಗೆಲ್ಲ ಆವತ್ತು ತಿಳಿಯಿತು. ಹಳೆಯ ಕೆತ್ತನೆಗಾರರು ಕೈಬಾರದೆ ಹಾಗೆ ಮಾಡಿದ್ದಲ್ಲ.

ಪಾಕದ ಪಾಠ ಕಲಿಸಿದ್ದು ಅಜ್ಜಿ. ಮೊದಲ ಬೋಗುಣಿಗೆ ಸೊಸೆ ನಿಂಬೆರಸ ಧಾರಾಳವಾಗಿ ಹಿಂಡಿದ್ದರು, ಬೆಳ್ಳಗೆ ಬರಲಿ ಎಂದು. ಆ ಗೊಂಬೆ ರಾತ್ರಿಯೆಲ್ಲ ಬಿಟ್ಟರೂ ಗಟ್ಟಿಯಾಗಲಿಲ್ಲ. ಹುಳಿ ಬಿದ್ದರೆ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆದು ಹರಳುಗಟ್ಟಲು ಅಡ್ಡಿ ಮಾಡುತ್ತದೆ. ಮಿಠಾಯಿಗೆ ಅದು ಬೇಕು, ಗೊಂಬೆಗೆ ಬೇಡ. ಅಜ್ಜಿಗೆ ಈ ರಸಾಯನಶಾಸ್ತ್ರ ಗೊತ್ತಿಲ್ಲ. "ಎರಡು ಹನಿ ಸಾಕು, ಉಳಿದದ್ದು ಚಿತ್ರಾನ್ನಕ್ಕೆ ಹಿಂಡ್ಕೋ" ಎಂದಷ್ಟೇ ಹೇಳಿದ್ದು. ಆ ಹುಣ್ಣಿಮೆಗೆ ತಟ್ಟೆಯಲ್ಲಿದ್ದದ್ದು ಆನೆ ಮಾತ್ರ, ಎಲ್ಲ ಒಂದೇ ಅಚ್ಚಿನವು. ಆನೆ ಹಿಂಡೇ ಬಂತಲ್ಲ ಎಂದು ಓಣಿಯವರು ನಕ್ಕರು.

ಒಂದು ವರ್ಷದ ಮಟ್ಟಿಗೆ ಹೂಡಿದ ಆಟ ಅಲ್ಲಿಗೆ ಮುಗಿಯಬೇಕಿತ್ತು. 2021ರಲ್ಲಿ ಪೇಟೆ ಎಂದಿನಂತೆ ತೆರೆದಿತ್ತು. ಆದರೂ ಮನೆಯ ಮಕ್ಕಳು ದಸರಾದಿಂದಲೇ ಕೇಳತೊಡಗಿದ್ದರು: ಈ ಸಲ ಯಾವ ಅಚ್ಚು? ಗಿಳಿ ಆಯಿತು, ಬಸವಣ್ಣ ಆಯಿತು. ಆ ನವೆಂಬರ್‌ನಲ್ಲಿ ರಾಜ್ಯವಿಡೀ ಅಕಾಲ ಮಳೆ ಹಿಡಿದಿತ್ತು. 19ರ ಹುಣ್ಣಿಮೆಯ ಹೊತ್ತಿಗೂ ಮೋಡ. ಸಕ್ಕರೆ ಗಾಳಿಯ ತೇವ ಹೀರಿ ಗೊಂಬೆಗಳು ಬೆವತವು, ಗಿಳಿಯ ಕಣ್ಣು ಕರಗಿ ಕೆನ್ನೆಗಿಳಿಯಿತು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕಾಪಾಡಿದ್ದು ಅಜ್ಜಿಯ ಉಪಾಯ. 2022ರಲ್ಲಿ ನವೆಂಬರ್ 8ರ ಹುಣ್ಣಿಮೆಗೇ ಚಂದ್ರಗ್ರಹಣ. ಚಂದ್ರ ಹುಟ್ಟುವಾಗಲೇ ಹಿಡಿದಿದ್ದ ಗ್ರಹಣ ಸಂಜೆ ಆರೂಕಾಲರ ಮೇಲೆ ಬಿಟ್ಟಿತು. ಹಿಂದಿನ ರಾತ್ರಿ ಎರೆದ ಗೊಂಬೆಗಳ ಮೇಲೆ ಗರಿಕೆ ಹಾಕಿಟ್ಟು, ಸ್ನಾನ ಮಾಡಿ, ಆಮೇಲೆ ಆರತಿ.

ಅಷ್ಟರಲ್ಲಿ ಮನೆಯ ಹಬ್ಬವೇ ಒಂದು ದಿನ ಹಿಂದಕ್ಕೆ ಸರಿದಿತ್ತು. ಬೆಂಗಳೂರಿನವರು ರಜೆ ಹಾಕುವುದು ಹುಣ್ಣಿಮೆಗಲ್ಲ, ಹಿಂದಿನ ದಿನಕ್ಕೆ. ಮಧ್ಯಾಹ್ನವೇ ಅಚ್ಚುಗಳು ನೀರಿಗೆ ಬೀಳುತ್ತವೆ. ದಾರ ಬಿಗಿಯುವುದು ಮಕ್ಕಳ ಪಾಲು, ತಿಕ್ಕುವುದು ತೋಳಿನಲ್ಲಿ ಬಲವಿದ್ದವರ ಪಾಲು, ಹೊಯ್ಯುವುದು ಅಜ್ಜಿ ಮತ್ತು ಸೊಸೆಗೆ ಮಾತ್ರ. ಅಚ್ಚು ಬಿಚ್ಚುವ ಹಕ್ಕಿಗೆ ಚೀಟಿ ಎತ್ತುತ್ತಾರೆ. ಮುರಿದದ್ದು ಅಲ್ಲೇ ಬಾಯಿಗೆ. ಊಟಕ್ಕೆ ಮಂಡಕ್ಕಿ, ಮೆಣಸಿನಕಾಯಿ. ಒಲೆಗಳೆಲ್ಲ ಪಾಕಕ್ಕೇ ಬೇಕಾಗಿರುವುದರಿಂದ ಅಡುಗೆ ಇಲ್ಲ.

2023ರಲ್ಲಿ ಮೊಮ್ಮಗ ಅಜ್ಜನಿಗೆಂದು ಒಂದು ಸಕ್ಕರೆ ಲೇತ್ ಮಾಡಿದ. ಬೆಡ್, ಚಕ್, ಹಿಡಿಚಕ್ರ ಎಲ್ಲ ಇತ್ತು. ಅಜ್ಜ ಕನ್ನಡಕ ಹಾಕಿ ನೋಡಿ ನಕ್ಕುಬಿಟ್ಟರು. ಕೆಲಸಗಾರನ ಎಡಕ್ಕಿರಬೇಕಾದ ಹೆಡ್‌ಸ್ಟಾಕ್ ಬಲಕ್ಕೆ ಬಂದಿತ್ತು. ಅಚ್ಚಿನಲ್ಲಿ ಎಡಬಲ ತಿರುವುಮುರುವು ಎಂಬುದು ಆನೆ, ಗಿಳಿಗಳಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಇದು ಎಡಚರ ಲೇತು" ಎಂದು ತೀರ್ಪಾಯಿತು. ಗೌರಿಯ ತಟ್ಟೆಗೆ ಅದನ್ನು ಇಡಲು ಅಜ್ಜಿ ಬಿಡಲಿಲ್ಲ.

ಸಕ್ಕರೆಯನ್ನು ಹಬ್ಬಕ್ಕೆ ಅಚ್ಚೊತ್ತುವ ಊರುಗಳು ಬೇರೆ ಕಡೆಯೂ ಇವೆ. ಈಜಿಪ್ಟಿನಲ್ಲಿ ಪ್ರವಾದಿಯ ಜನ್ಮದಿನಕ್ಕೆ ಮರದ ಅಚ್ಚಿನಿಂದಲೇ ಮದುವಣಗಿತ್ತಿ, ಕುದುರೆ ಸವಾರರ ಸಕ್ಕರೆ ಗೊಂಬೆ ಮಾಡುತ್ತಿದ್ದರು. ಆ ಜಾಗವನ್ನು ಬಹುಪಾಲು ಪ್ಲಾಸ್ಟಿಕ್ ಗೊಂಬೆ ಹಿಡಿದಿದೆ. ಮೆಕ್ಸಿಕೊದ ತೊಲೂಕಾದಲ್ಲಿ ಸತ್ತವರ ಹಬ್ಬಕ್ಕೆ ಸಕ್ಕರೆ ತಲೆಬುರುಡೆಗಳ ದೊಡ್ಡ ಸಂತೆಯೇ ಸೇರುತ್ತದೆ. ನಮ್ಮ ಹಳೆ ಮೈಸೂರಿನ ಕಡೆ ಸಂಕ್ರಾಂತಿಯ ಎಳ್ಳಿನ ಜತೆ ಬೀರುವ ಸಕ್ಕರೆ ಅಚ್ಚೂ ಇದೇ ಕುಲದ್ದು; ಅಲ್ಲಿ ಮನೆಯಲ್ಲೇ ಎರೆಯುವ ರೂಢಿ ಇನ್ನೂ ಹಲವರಲ್ಲಿದೆ. ದಾವಣಗೆರೆ ಸೀಮೆಯಲ್ಲಿ ಗೊಂಬೆ ದೊಡ್ಡದು, ಅಚ್ಚು ದುಬಾರಿ, ಹಾಗಾಗಿ ಕೆಲಸ ಕಸುಬಿನವರ ಕೈಯಲ್ಲೇ ಉಳಿದಿತ್ತು.

ಕೊಂಡಜ್ಜಿಯ ಮನೆಯವರು ಪೇಟೆಯ ಗೊಂಬೆ ಬಿಟ್ಟಿಲ್ಲ. ತೇರು, ತುಳಸಿಕಟ್ಟೆ ಈಗಲೂ ದಾವಣಗೆರೆಯಿಂದಲೇ ಬರುತ್ತವೆ. ಅಷ್ಟು ಸಣ್ಣ ಕಂಬಗಳನ್ನು ಮುರಿಯದೆ ಅಚ್ಚಿನಿಂದ ಬಿಡಿಸುವುದು ತಮ್ಮಿಂದಾಗದ ಕೆಲಸ ಎಂದು ಅಜ್ಜನೇ ಒಪ್ಪಿಕೊಂಡಿದ್ದಾರೆ. ಮೊದಲಾಗಿದ್ದರೆ ಬೆಲೆ ಕೇಳಿ ಹೌಹಾರುತ್ತಿದ್ದ ಸೊಸೆ ಈಗ ಚೌಕಾಸಿ ಮಾಡುವುದಿಲ್ಲ. ಎಷ್ಟು ಒಡೆದಿರಬೇಕು ಎಂದು ಅವರಿಗೆ ಗೊತ್ತು.

2024ರಲ್ಲಿ, ನವೆಂಬರ್ 15ರ ಹುಣ್ಣಿಮೆಗೆ ಮುಂಚೆ, ಮೊಮ್ಮಗಳಿಗೆ ರಾಣೆಬೆನ್ನೂರಿನ ಕಡೆ ಸಂಬಂಧ ನಿಶ್ಚಯವಾಗಿ ಹೊಸ ತಕರಾರು ಎದ್ದಿತು. ಆರತಿ ತರಬೇಕಾದವರು ಬೀಗರು. ಅವರು ಪೇಟೆಯಿಂದ ತಂದರೆ ಹುಡುಗಿಗೆ ತನ್ನ ಅಣ್ಣ ಕೆತ್ತಿದ ಆನೆ ತಟ್ಟೆಯಲ್ಲಿಲ್ಲ ಎಂಬ ಕೊರಗು. ಹೆಣ್ಣಿನ ಕಡೆಯವರೇ ಮಾಡಿಟ್ಟರೆ ಶಾಸ್ತ್ರ ತಪ್ಪುತ್ತದೆ ಎಂಬುದು ಅಜ್ಜಿಯ ವಾದ. ಕೊನೆಗೆ ಆನೆಯ ಅಚ್ಚನ್ನೇ ಬಟ್ಟೆಯಲ್ಲಿ ಸುತ್ತಿ ರಾಣೆಬೆನ್ನೂರಿಗೆ ಕಳಿಸಿದರು. ಹಿಂದಿನ ರಾತ್ರಿ ಬೀಗರ ಮನೆಯಿಂದ ವಿಡಿಯೊ ಕರೆಯ ಮೇಲೆ ಕರೆ. "ಹಾಲು ಯಾವಾಗ ಬಿಡಾದ್ರೀ?" "ಕುದಿ ಬಂದ ಮ್ಯಾಲೆ." "ಇನ್ನೂ ಬೆಳ್ಳಗಾಗವಲ್ದಲ್ರೀ?" "ತಿಕ್ಕರಿ, ಇನ್ನೂ ತಿಕ್ಕರಿ." ಮರುದಿನ ಆನೆ ಬಂತು, ಸೊಂಡಿಲು ಕಿವಿ ಎಲ್ಲ ನೆಟ್ಟಗಿತ್ತು, ಬಣ್ಣ ಮಾತ್ರ ಗುಲಾಬಿ. ಗೌರಿಗೆ ಬಿಳಿಯದೇ ಆಗಬೇಕು ಎಂದು ಅಜ್ಜಿ ಗೊಣಗಿದರು. ಬಣ್ಣದ ವಿಷಯ ಬೀಗರಿಗೆ ಯಾರೂ ಹೇಳಿರಲಿಲ್ಲ ಎಂದು ಅಜ್ಜ ನೆನಪಿಸಿದರು, ತಟ್ಟೆಯ ನಟ್ಟನಡುವೆ ಅದಕ್ಕೆ ಜಾಗ ಮಾಡಿದರು. ಅಚ್ಚು ಇನ್ನೂ ವಾಪಸ್ ಬಂದಿಲ್ಲ. ಬೀಗರ ಮನೆಯ ಮಕ್ಕಳು ಅದನ್ನು ಬಿಡುತ್ತಿಲ್ಲವಂತೆ.