ಬಾಣಂತನಕ್ಕೆ ಬಂದ ನರಿ

ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಹೋದ ಮೂರನೆಯ ವಾರ. ರಾತ್ರಿ ಎರಡೂವರೆ ಇದ್ದೀತು. ಕೂಸು ಹಾಲು ಕುಡಿದಿತ್ತು, ತೇಗಿರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಶತಪಥ ಹಾಕುತ್ತಿದ್ದೆ. ಹಿತ್ತಲ ಬೇಲಿಯಾಚೆ, ಮಳೆನೀರು ಹೋಗುವ ಕಾಲುವೆಯ ಕಡೆಯಿಂದ ಒಂದು ಊಳು ಎದ್ದಿತು. ಮೊದಲು ಉದ್ದಕ್ಕೆ ಒಂದೇ ಎಳೆ. ಅದು ಮುಗಿಯುವುದರೊಳಗೆ ಕಿರಿಚಾಟ, ಬೊಗಳಾಟ, ನಗುವೋ ಅಳುವೋ ತಿಳಿಯದ ಗದ್ದಲ. ಇಪ್ಪತ್ತಾದರೂ ಇರಬೇಕು ಅನ್ನಿಸಿತು. ಐವತ್ತು ವರ್ಷದಿಂದ ಕೇಳಿರದ ದನಿ. ನಾನು ನಿಂತಲ್ಲೇ ನಿಂತೆ. ಕೂಸಿಗೆ ಅದರಲ್ಲಿ ಏನು ಹಿತ ಕಂಡಿತೋ, ಗರ್ರನೆ ತೇಗಿ ನಿದ್ದೆ ಹೋಯಿತು.

ರೂಮಿನಿಂದ ಮಗಳು ಅರೆನಿದ್ದೆಯಲ್ಲೇ, "ಕೈಯೋಟಿ ಕಣಮ್ಮ, ಮಲಕೋ" ಅಂದಳು. ನನಗೆ ಕೇಳಿಸಿದ್ದು "ಕೈ ಓಟು". ಇಲ್ಲಿಗೂ ಎಲೆಕ್ಷನ್ ಬಂತೇನೋ, ಅಪರಾತ್ರಿಯಲ್ಲಿ ಯಾರದೋ ಮೆರವಣಿಗೆ ಹೊರಟಿದೆಯೇನೋ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಅಳಿಯಂದಿರು ಕಾಫಿ ಕುಡಿಯುತ್ತಾ ಬಿಡಿಸಿ ಹೇಳಿದರು. ಇಪ್ಪತ್ತಲ್ಲವಂತೆ, ಎರಡೋ ಮೂರೋ ಅಷ್ಟೆ. ದನಿಯನ್ನು ಏರಿಸಿ ಇಳಿಸಿ ಹಿಂಡಿನಂತೆ ಕೇಳಿಸುವುದು ಅವುಗಳ ವಿದ್ಯೆ. ನಮ್ಮ ಗುಳ್ಳೇನರಿಗಿಂತ ಒಂದು ಸುತ್ತು ದೊಡ್ಡದು, ತೋಳಕ್ಕಿಂತ ಚಿಕ್ಕದು. ಮೆಕ್ಸಿಕೋದ ಹಳಬರ ನಾವಾಟ್ಲ್ ಭಾಷೆಯ 'ಕೊಯೋಟ್ಲ್' ಸ್ಪ್ಯಾನಿಷರ ಬಾಯಲ್ಲಿ ಮೆತ್ತಗಾಗಿ, ಇಂಗ್ಲಿಷಿನವರ ಬಾಯಲ್ಲಿ ತಿರುಚಿಕೊಂಡು ಕೈಯೋಟಿಯಾಯಿತು. ಕುರಿ ದನ ಸಾಕುವ ಪಶ್ಚಿಮದವರು ಇವತ್ತಿಗೂ ಕೊನೆಯ ಅಕ್ಷರ ನುಂಗಿ 'ಕೈಯೋಟ್' ಅನ್ನುತ್ತಾರಂತೆ. ಹಾಗಾದರೆ ನಾನು ಕೇಳಿಸಿಕೊಂಡದ್ದು ಪೂರಾ ತಪ್ಪೇನಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಹೊಸ ಪ್ರಾಣಿ ಕಂಡರೆ ಮೊದಲು ಹೆಸರು ಹುಡುಕುತ್ತೇನೆ. ಕನ್ನಡದಲ್ಲಿ ನರಿ ಅನ್ನುವ ಹೆಸರಿನೊಳಗೆ ಹೊಲದಲ್ಲಿ ಊಳಿಡುವ ಗುಳ್ಳೇನರಿಯೂ ಇದೆ, ದ್ರಾಕ್ಷಿ ಹುಳಿ ಅಂದ ಪಾಠದ ನರಿಯೂ ಇದೆ. ಮೂರನೆಯವರು ಒಬ್ಬರು ಬಂದರೆ ಸರಿದು ಕೂತಾರು.

ನರಿ ಅಂದರೆ ನನಗೆ ಸಿರಾ ಸೀಮೆಯ ನಮ್ಮ ಕಡ್ಲೇಕಾಯಿ ಹೊಲ. ಕಾಯಿ ಬಲಿಯುವ ಹೊತ್ತಿಗೆ ಅಪ್ಪ ಹೊಲದ ನಡುವೆ ಅಟ್ಟಣೆ ಕಟ್ಟಿ ರಾತ್ರಿ ಕಾವಲಿಗೆ ಹೋಗುತ್ತಿದ್ದರು. ನರಿ ಮಾಂಸವನ್ನಷ್ಟೇ ತಿನ್ನುತ್ತದೆ ಅಂದುಕೊಂಡವರು ಕಡ್ಲೇಕಾಯಿ ಬೆಳೆದವರಲ್ಲ. ಗಿಡ ಕಿತ್ತು, ಕಾಯಿ ಒಡೆದು, ಬೀಜ ತಿಂದು, ಸಿಪ್ಪೆಯನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು. ಅಪ್ಪನ ಹತ್ತಿರ ಒಂದು ಸೀಮೆಎಣ್ಣೆ ಡಬ್ಬ, ಒಂದು ಕೋಲು. ರಾತ್ರಿಯಿಡೀ ಡಬ್ಬ ಬಡಿಯುವ ಸದ್ದು, ನಡುವೆ ನರಿಗಳ ಊಳು. ಯಾರು ಯಾರಿಗೆ ಉತ್ತರ ಕೊಡುತ್ತಿದ್ದರೋ! ಅದನ್ನು ಕೇಳುತ್ತಲೇ ನಾವು ಮಕ್ಕಳು ನಿದ್ದೆ ಹೋಗುತ್ತಿದ್ದೆವು. ಬಿಸಿಲಿನಲ್ಲಿ ಮಳೆ ಬಂದರೆ ಕಾಗೆಗೂ ನರಿಗೂ ಮದುವೆ ಎಂದು ಅಂಗಳದಲ್ಲಿ ಕುಣಿಯುತ್ತಿದ್ದೆವು. ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಆ ದಿನ ಮುಟ್ಟಿದ್ದೆಲ್ಲ ಚಿನ್ನ ಅನ್ನುತ್ತಿದ್ದರು ಅಜ್ಜಿ. ಯಾರಿಗಾದರೂ ಅಚಾನಕ್ಕಾಗಿ ದುಡ್ಡು ಬಂದರೆ, "ಏನಯ್ಯಾ, ನರಿ ಮುಖ ನೋಡಿದ್ಯೇನೋ?" ಎಂದು ಕೇಳುವುದಿತ್ತು. ನರಿಗೆ ಇಲ್ಲದ ಕೊಂಬನ್ನೇ ನರಿಕೊಂಬು ಎಂದು ಸಂತೆಯಲ್ಲಿ ಮಾರಿ ಹೊಟ್ಟೆ ಹೊರೆಯುತ್ತಿದ್ದವರೂ ಇದ್ದರು.

ಆಮೇಲೆ ಬೋರ್‌ವೆಲ್ ಬಂತು, ಕಡ್ಲೇಕಾಯಿ ಹೋಗಿ ಅಡಿಕೆ ಬಂತು. ಯಾವ ವರ್ಷದಿಂದ ನರಿ ಕೂಗಲಿಲ್ಲ ಎಂದು ಯಾರೂ ಬರೆದಿಡಲಿಲ್ಲ. ಕೂಗದೇ ಹೋದದ್ದು ನನಗೆ ಗೊತ್ತಾದದ್ದೇ ಫ್ರೀಮಾಂಟಿನಲ್ಲಿ.

ಆ ಊರಿನ ಪಶ್ಚಿಮಕ್ಕೆ, ಕೊಲ್ಲಿಯ ಅಂಚಿನಲ್ಲಿ ಹುಲ್ಲಿನ ಗುಡ್ಡಗಳ ಸಾಲು ಇದೆ: ಕೈಯೋಟಿ ಹಿಲ್ಸ್. ಪಕ್ಕದ ಸ್ಯಾನ್ ಹೋಸೆಯ ಹೊಳೆಯೂ ಕೈಯೋಟಿ ಕ್ರೀಕ್. ಆ ಗುಡ್ಡಗಳ ಬುಡದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಒಲೋನಿ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ಊರು ಕಟ್ಟಿಕೊಂಡಿದ್ದರು. ಒಲೋನಿಗಳ ಒಂದು ಕತೆಯಲ್ಲಿ ಲೋಕವೆಲ್ಲ ನೀರಲ್ಲಿ ಮುಳುಗಿ, ಬೆಟ್ಟದ ತುದಿಯಲ್ಲಿ ಹದ್ದು, ಝೇಂಕಾರದ ಪುಟ್ಟ ಹಕ್ಕಿ ಮತ್ತು ಕೈಯೋಟಿ ಮೂವರೇ ಉಳಿಯುತ್ತಾರೆ. ಮನುಷ್ಯರು ಹುಟ್ಟುವುದು ಆ ಕೈಯೋಟಿಯಿಂದ. ಮೂಲಪುರುಷನ ಪಟ್ಟಕ್ಕೆ ಒಂದು ಕಳ್ಳಪ್ರಾಣಿಯನ್ನು ಆರಿಸಿಕೊಂಡವರ ಬಗ್ಗೆ ನನಗೆ ಗೌರವ ಹುಟ್ಟಿತು. ನಾವಾಗಿದ್ದರೆ ಸಿಂಹವನ್ನೇ ಹುಡುಕುತ್ತಿದ್ದೆವು.

ಬಿಳಿಯರು ಬಂದಮೇಲೆ ಆ ಪಟ್ಟ ಹೋಯಿತು. 1804ರಲ್ಲಿ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಇದನ್ನು ಹುಲ್ಲುಗಾವಲಿನ ತೋಳ ಅಂದರು. 1823ರಲ್ಲಿ ಥಾಮಸ್ ಸೇ ಎಂಬ ನಿಸರ್ಗಶಾಸ್ತ್ರಜ್ಞ ಲ್ಯಾಟಿನ್ನಿನಲ್ಲಿ 'ಬೊಗಳುವ ನಾಯಿ' ಎಂಬರ್ಥದ ಹೆಸರು ಇಟ್ಟ. ಕುರಿ ಸಾಕುವವರು ಇಟ್ಟ ಹೆಸರುಗಳನ್ನು ಬಾಣಂತಿ ಮನೆಯಲ್ಲಿ ಹೇಳುವ ಹಾಗಿಲ್ಲ. 1931ರಲ್ಲಿ ಕಾನೂನೇ ಬಂತು: ವರ್ಷಕ್ಕೆ 10 ಲಕ್ಷ ಡಾಲರಿನಂತೆ 10 ವರ್ಷ, ಇಂಥ ಪ್ರಾಣಿಗಳನ್ನು ಮುಗಿಸಲಿಕ್ಕೆ. ಕೊಲ್ಲುವವರಿಗೆ ಸರ್ಕಾರಿ ಸಂಬಳ. ಸತ್ತ ಕುದುರೆಯ ಮಾಂಸಕ್ಕೆ ವಿಷ ಹಾಕಿ ಬಯಲಲ್ಲಿ ಎಸೆದರು. 1972ರಲ್ಲಿ ನಿಕ್ಸನ್ ಅಧ್ಯಕ್ಷರು ಸರ್ಕಾರಿ ಜಮೀನಿನಲ್ಲಿ ವಿಷ ಬೇಡ ಅಂದರು. ಗುಂಡು, ಉರುಳು ನಿಲ್ಲಲಿಲ್ಲ. ಈಗಲೂ ಅಲ್ಲಿನ ಸರ್ಕಾರ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಕೈಯೋಟಿಗಳನ್ನು ಕೊಲ್ಲುತ್ತದೆ.

ಇಷ್ಟು ಕೊಂದದ್ದಕ್ಕೆ ಆದದ್ದೇನು? ಪಶ್ಚಿಮದ ಬಯಲಿನಲ್ಲಿದ್ದದ್ದು ಹವಾಯಿ ಬಿಟ್ಟು ಉಳಿದೆಲ್ಲ ರಾಜ್ಯಗಳಿಗೂ ಹರಡಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೂ ಬಂತು. ಅದರ ಮೇಲಿನ ದೊಣ್ಣೆನಾಯಕ ತೋಳವನ್ನು ಮನುಷ್ಯನೇ ಮುಗಿಸಿಕೊಟ್ಟಿದ್ದ. ಖಾಲಿ ಕುರ್ಚಿಯಲ್ಲಿ ಇದು ಹೋಗಿ ಕೂತಿತು. ಕ್ಯಾಲಿಫೋರ್ನಿಯಾದ ಕೊನೆಯ ಕಾಡುತೋಳ ಗುಂಡಿಗೆ ಬಿದ್ದದ್ದು 1924ರಲ್ಲಿ. ಮತ್ತೊಂದು ತೋಳ ಆ ನೆಲಕ್ಕೆ ಕಾಲಿಡಲು 2011 ಬರಬೇಕಾಯಿತು. ಆ ರಾಜ್ಯದ ಬಾವುಟದ ಮೇಲೆ ಒಂದು ಕರಡಿ ಇದೆ. ಅದೇ ಜಾತಿಯ ಕರಡಿ ಅಲ್ಲಿನ ಕಾಡಿನಲ್ಲಿ ಇಲ್ಲವಾಗಿ ನೂರು ವರ್ಷವಾಯಿತು. ಕೈಯೋಟಿಗೆ ಬಾವುಟವಿಲ್ಲ, ಹಿತ್ತಲಿದೆ.

ನಮ್ಮ ಹಿತ್ತಲಿಗೆ ಅದನ್ನು ಕರೆದವಳು ನಾನೇ ಎಂದು ತಿಳಿದದ್ದು ಅಕ್ಟೋಬರಿನಲ್ಲಿ. ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡುವುದು ನಮ್ಮ ಮನೆಯ ರೂಢಿ. ಅಮೆರಿಕದ ಕಾಗೆಯೂ ಕಾಗೆಯೇ. ನಾಲ್ಕೇ ದಿನದಲ್ಲಿ ಹೊತ್ತು ಕಲಿತು ಬೇಲಿಯ ಮೇಲೆ ಬಂದು ಕೂರುತ್ತಿತ್ತು. ಆ ದಿನ ಮೊಸರನ್ನ ಮಿಕ್ಕಿತ್ತು. ಎಸೆಯಲು ಮನಸ್ಸಾಗದೆ ಒಂದು ಎಲೆಯ ತುಂಬ ಇಟ್ಟೆ. ಬೆಳಿಗ್ಗೆ ಅಳಿಯಂದಿರು ಹಿತ್ತಲ ಬಾಗಿಲ ಕ್ಯಾಮೆರಾದಲ್ಲಿ ಏನೋ ನೋಡಿ ನನ್ನನ್ನು ಕರೆದರು. ರಾತ್ರಿ 2 ಗಂಟೆ 40 ನಿಮಿಷ. ಬೂದು ಮೈ, ಕುದುರೆಲಾಳದಷ್ಟು ಉದ್ದದ ಕಿವಿ, ತುದಿ ಕಪ್ಪಾದ ಬಾಲ ಕೆಳಗೆ ಬಿಟ್ಟುಕೊಂಡು ಒಂದು ಪ್ರಾಣಿ ನನ್ನ ಮೊಸರನ್ನವನ್ನು ಬಹಳ ಮರ್ಯಾದೆಯಿಂದ ತಿನ್ನುತ್ತಿದೆ. ಕರಿಬೇವಿನ ಎಲೆಗಳನ್ನು ಮಾತ್ರ ಪಕ್ಕಕ್ಕೆ ಬಿಟ್ಟಿದೆ. ನಮ್ಮ ಮನೆಯ ಗಂಡಸರೂ ಹಾಗೇ.

ನಾನು ನಕ್ಕೆ. ಅಳಿಯಂದಿರು ನಗಲಿಲ್ಲ. "ಅತ್ತೆ, ಕಾಡುಪ್ರಾಣಿಗೆ ತಿನ್ನಲು ಹಾಕೋದು ಈ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ" ಅಂದರು. ಕಾನೂನಿಗಿಂತ ಹೆಚ್ಚಾಗಿ ತೊಟ್ಟಿಲ ಕಡೆ ನೋಡಿದ್ದು ನನಗೆ ಅರ್ಥವಾಯಿತು. 1981ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲಿನಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವನ್ನು ಮನೆಯ ಮುಂದೆಯೇ ಕೈಯೋಟಿ ಹಿಡಿದಿತ್ತು, ಮಗು ಉಳಿಯಲಿಲ್ಲ. ಕೈಯೋಟಿಯಿಂದ ಮನುಷ್ಯರು ಸತ್ತದ್ದು ದಾಖಲೆಯಾಗಿರುವುದು ಎರಡೇ ಸಲ: ಒಂದು ಅದು, ಇನ್ನೊಂದು 2009ರಲ್ಲಿ ಕೆನಡಾದಲ್ಲಿ. ಲೆಕ್ಕಕ್ಕೆ ಏನೂ ಅಲ್ಲ. ಆದರೆ ನಲವತ್ತು ದಿನದ ಕೂಸು ಇರುವ ಮನೆಯಲ್ಲಿ ಲೆಕ್ಕ ಯಾರು ಕೇಳುತ್ತಾರೆ? ಅಂದಿನಿಂದ ಕಾಗೆಗೆ ಒಂದೇ ತುತ್ತು, ಅದೂ ನಾನು ಎದುರಿಗೆ ನಿಂತಿದ್ದಾಗ. ಹಿತ್ತಲ ಅಂಜೂರದ ಮರದಿಂದ ಉದುರಿದ ಹಣ್ಣನ್ನೆಲ್ಲ ಸಂಜೆಗೇ ಗುಡಿಸಿ ಹಾಕುವುದು ನನ್ನ ಕೆಲಸವಾಯಿತು. ಎರಡು ಮನೆ ಆಚೆ ಬೆಕ್ಕು ಕಳೆದಿದೆ ಎಂದು ಕಂಬಕ್ಕೆ ಚೀಟಿ ಅಂಟಿಸಿದ್ದರು. ಎಲ್ಲರೂ ಕೈಯೋಟಿಯ ಮೇಲೇ ಹೊರಿಸಿದರು.

ಶಿಕಾಗೋದಲ್ಲಿ ಸ್ಟ್ಯಾನ್ಲಿ ಗೆರ್ಟ್ ಎಂಬ ವಿಜ್ಞಾನಿ 2000ದಿಂದ ಊರೊಳಗಿನ ಕೈಯೋಟಿಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಹಿಂಬಾಲಿಸುತ್ತಿದ್ದಾರೆ. ಹಿಕ್ಕೆ ಬಿಡಿಸಿ ನೋಡಿದರೆ ಸಿಕ್ಕಿದ್ದು ಹೆಚ್ಚಾಗಿ ಇಲಿಜಾತಿ, ಮೊಲ, ಜಿಂಕೆ, ಹಣ್ಣು. ಬೆಕ್ಕು ನೂರಕ್ಕೆ ಒಂದರ ಆಸುಪಾಸು. ಇನ್ನೊಂದು ಸಂಗತಿ ಕೇಳಿ ನಾನು ಮಗಳಿಗೆ ಹಾಲು ಕಾಸುವುದನ್ನೇ ಮರೆತೆ. 236 ಕೈಯೋಟಿಗಳ ವಂಶವಾಹಿ ಪರೀಕ್ಷೆ ಮಾಡಿ, ಯಾವ ಮರಿ ಯಾರದು ಎಂದು ತಾಳೆ ನೋಡಿದರಂತೆ. ಗಂಡಾಗಲಿ ಹೆಣ್ಣಾಗಲಿ ಆಚೀಚೆ ಹೋದ ಒಂದು ಸುಳಿವೂ ಸಿಗಲಿಲ್ಲ. ಶಿಕಾಗೋದಂಥ ಊರಿನಲ್ಲಿ! ಅದೇ ಊರಿನ ಪೇಟೆಯ ನಡುವೆ 2007ರಲ್ಲಿ ಒಂದು ಕೈಯೋಟಿ ಸ್ಯಾಂಡ್‌ವಿಚ್ ಅಂಗಡಿಗೆ ನಡೆದು ಬಂದು, ತಂಪು ಪಾನೀಯ ಜೋಡಿಸುವ ತೆರೆದ ಕಪಾಟಿನೊಳಗೆ ಹತ್ತಿ ಮಲಗಿತ್ತು. ಯಾರನ್ನೂ ಏನೂ ಮಾಡಲಿಲ್ಲ. ಸೆಖೆಯೋ ಸಂಕೋಚವೋ.

"ಅವುಗಳ ಜಾಗಕ್ಕೆ ನಾವು ಬಂದು ಕೂತಿದ್ದೀವಿ ಅತ್ತೆ" ಎಂದು ಅಳಿಯಂದಿರು ಅನ್ನುತ್ತಿದ್ದರು. ಈಗಿನ ಓದಿದವರೆಲ್ಲ ಹೇಳುವ ಮಾತು. ನನಗೆ ಅರ್ಧವೇ ಒಪ್ಪಿಗೆ. ಫ್ರೀಮಾಂಟಿಗೆ ಅದು ಸರಿ. ನ್ಯೂಯಾರ್ಕು ಕೈಯೋಟಿಯ ತಾತನ ಊರಲ್ಲ. ಅಲ್ಲಿಗೆ ಅದು ಬಂದದ್ದು ನಮ್ಮ ಹಿಂದೆ. ತೋಳ ಓಡಿಸಿದೆವು, ಇಲಿ ಸಾಕಿದೆವು, ಹಣ್ಣಿನ ಮರ ನೆಟ್ಟೆವು, ಬೆಕ್ಕಿನ ತಟ್ಟೆಯನ್ನು ಹೊಸ್ತಿಲ ಆಚೆ ಇಟ್ಟೆವು. ಎಲೆ ಹಾಕಿ, ನೀರು ಇಟ್ಟು, ಊಟಕ್ಕೆ ಬಂದವರನ್ನು ಕಳ್ಳ ಅಂದರೆ ಹೇಗೆ?

ನವೆಂಬರಿನ ಒಂದು ಬೆಳಿಗ್ಗೆ ಎದುರಾಯಿತು. ಇನ್ನೂ ಪೂರಾ ಬೆಳಕಾಗಿರಲಿಲ್ಲ. ಕಾಲುವೆಯ ದಾರಿಯಲ್ಲಿ ವಾಕಿಂಗ್ ಹೋಗಿದ್ದೆ. ಹತ್ತು ಮಾರು ಮುಂದೆ, ದಾರಿಯ ನಟ್ಟನಡುವೆ ನಿಂತಿತ್ತು. ನಾಯಿ ಅಂದುಕೊಂಡೆ, ನಾಯಿ ಹಾಗೆ ನೋಡುವುದಿಲ್ಲ. ನಾಯಿಯ ನೋಟದಲ್ಲಿ ಒಂದು ಪ್ರಶ್ನೆಯೋ ಬೈಗುಳವೋ ಇರುತ್ತದೆ. ಈ ಹಳದಿ ಕಣ್ಣಿನಲ್ಲಿ ಏನೂ ಇರಲಿಲ್ಲ, ಬಸ್ಸಿಗೆ ಕಾಯುವವರು ಪಕ್ಕದವರನ್ನು ನೋಡುವ ಹಾಗೆ. ಓಡಬಾರದು, ಬೆನ್ನು ತೋರಿಸಬಾರದು, ಕೈ ಎತ್ತಿ ದೊಡ್ಡವರಂತೆ ಕಾಣಬೇಕು, ಕೂಗಬೇಕು, ಡಬ್ಬಿಯಲ್ಲಿ ಚಿಲ್ಲರೆ ಹಾಕಿ ಅಲ್ಲಾಡಿಸಬೇಕು ಎಂದು ಮಗಳು ಪಾಠ ಮಾಡಿದ್ದಳು. ಅಮೆರಿಕದ ಬುದ್ಧಿವಂತರೆಲ್ಲ ಸೇರಿ ಕೊನೆಗೆ ನಮ್ಮಪ್ಪನ ಸೀಮೆಎಣ್ಣೆ ಡಬ್ಬಕ್ಕೇ ಬಂದಿದ್ದಾರಲ್ಲ ಎಂದು ಆಗ ನಕ್ಕಿದ್ದೆ. ಈಗ ಡಬ್ಬಿ ಇರಲಿಲ್ಲ. ಸ್ವೆಟರಿನ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಕೂಸಿನ ಗಿಲಕಿ. ಅದನ್ನೇ ತಲೆಯ ಮೇಲೆ ಎತ್ತಿ ಗಿಲಗಿಲ ಆಡಿಸಿ, "ಹಚಾ! ಹಚಾ! ನಡಿಯೋ ಅತ್ಲಾಗೆ!" ಅಂದೆ.

ಅದು ತಲೆಯನ್ನು ಒಂದಿಷ್ಟು ವಾರೆ ಮಾಡಿತು. ಕನ್ನಡ ಹೊಸದಿರಬೇಕು. ಆಮೇಲೆ, ನನಗೆ ಹೆದರಿ ಹೋಗುತ್ತಿಲ್ಲ, ಹೇಗೂ ಹೊರಟಿದ್ದೆ ಅನ್ನುವ ಹಾಗೆ, ಬೇಲಿಯ ಕೆಳಗಿನ ಸಂದಿಯಲ್ಲಿ ನುಸುಳಿತು.

ಆ ವಾರವೇ ಊರಿನಿಂದ ತಮ್ಮ ಫೋನು ಮಾಡಿದ. ಈ ಕತೆ ಹೇಳೋಣ ಅಂದರೆ ಅವನದೇ ದೊಡ್ಡದಿತ್ತು. "ನಮ್ ಗುಡ್ಡದ ಮಗ್ಲಾಗೆ ಚಿರತೆ ಬೋನ್ ಮಡಗವ್ರೆ ಕಣಕ್ಕ. ಒಳಕ್ಕೆ ಯಾರ್ದೋ ನಾಯಿ ಕಟ್ಟವ್ರೆ. ರಾತ್ರೆಲ್ಲ ಒಂದೇ ಸಮ ಬೊಗುಳ್ತದೆ, ಊರಿಗೆಲ್ಲ ನಿದ್ದೆ ಇಲ್ಲ." ನಾನು ಹುಡುಗಿಯಾಗಿದ್ದಾಗ ನಮ್ಮ ಗುಡ್ಡದಲ್ಲಿ ಚಿರತೆ ಇರಲಿಲ್ಲ, ನರಿ ಇತ್ತು, ಕುರಿಮಂದೆಗೆ ತೋಳ ಬೀಳುತ್ತಿತ್ತು. ಈಗ ಅವೆರಡೂ ಇಲ್ಲ. ಕೋಳಿಯಂಗಡಿಯ ಕಸಕ್ಕೆ ನಾಯಿ ಹೆಚ್ಚಿದವು, ನಾಯಿಯ ಹಿಂದೆ ಚಿರತೆ ಬಂತು. ನಮ್ಮ ಜಿಲ್ಲೆಯಲ್ಲೇ, ಗುಬ್ಬಿ, ಕುಣಿಗಲ್, ತುಮಕೂರಿನ ಸುತ್ತ 2019-20ರಲ್ಲಿ ಚಿರತೆ ಮನುಷ್ಯರ ಜೀವ ತೆಗೆದದ್ದು ನೆನಪಾಗಿ ನನಗೆ ನಗು ಬರಲಿಲ್ಲ. ಗಿಲಕಿಗೆ ಹೋಗುವ ಪ್ರಾಣಿಯಲ್ಲ ಅದು. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದೆ, ಏನಾದರೂ ಬಿತ್ತೇನೋ ಎಂದು. "ಬಿತ್ತಕ್ಕ. ಒಳಗಿದ್ದ ನಾಯೀನ ಮಾತಾಡ್ಸಕ್ ಬಂದ ಇನ್ನೊಂದ್ ನಾಯಿ."

ಜನವರಿಯಲ್ಲಿ ಹೊರಟೆ. ಬೆಳಗಿನ ಜಾವ ನಾಲ್ಕಕ್ಕೆ ಅಳಿಯಂದಿರು ಕಾರಿಗೆ ಸೂಟ್‌ಕೇಸು ಏರಿಸುತ್ತಿದ್ದರು. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, ಅಳುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಳು. ಬೀದಿದೀಪದ ಕೆಳಗೆ ಅದು ಹಾದುಹೋಯಿತು, ಹಿಂದೆಯೇ ಇನ್ನೊಂದು. ಜೋಡಿ ಹುಡುಕುವ ಕಾಲ. ಮೊದಲನೆಯದು ಒಂದು ಗಳಿಗೆ ನಿಂತು ನಮ್ಮ ಕಡೆ ಮುಖ ತಿರುಗಿಸಿತು.

"ಅಮ್ಮಾ, ಕೂಗು, ಓಡಿಸು" ಅಂದಳು ಮಗಳು.

ನಾನು ಬಾಯಿ ಬಿಡಲಿಲ್ಲ. ಎದ್ದಮೇಲೆ ಕಂಡ ಮೊದಲ ಹೊರಗಿನ ಮುಖ. ಸಾವಕಾಶವಾಗಿ, ಕಣ್ಣು ತುಂಬ ನೋಡಿದೆ.

ಏರ್‌ಪೋರ್ಟಿನಲ್ಲಿ ತೂಕ ಹಾಕಿದಾಗ ಸೂಟ್‌ಕೇಸು ಮೂರು ಕೇಜಿ ಹೆಚ್ಚು ತೋರಿಸಿತು. ಕೌಂಟರಿನ ಹುಡುಗಿ ತಲೆ ಎತ್ತದೆ ಚೀಟಿ ಅಂಟಿಸಿ, ಹೋಗಿ ಅಂದಳು.