ಪ್ರಮಾಣವಚನ

ಗೋಕಾಕ, ಮೂಡಲಗಿ, ಹುಕ್ಕೇರಿ – ಈ ಮೂರು ಊರುಗಳ ಸುತ್ತಮುತ್ತಲೇ ನನ್ನ ಅಧ್ಯಾಪನದ ದಿನಗಳೆಲ್ಲ ಕಳೆದುವು. ಘಟಪ್ರಭೆಯ ನೀರು ಕುಡಿದು ಬೆಳೆದ ಮಕ್ಕಳಿಗೆ ಕನ್ನಡ ಕಲಿಸಿದೆನೆಂಬ ತೃಪ್ತಿ ನನಗಿದೆ. ಆದರೆ ಆ ಮಕ್ಕಳಲ್ಲೊಬ್ಬನು ನನಗೆ ಕಲಿಸಿದ ಪಾಠವೂ ಒಂದುಂಟು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಹುಕ್ಕೇರಿಯ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನಾಗ ಶಿಕ್ಷಕನಾಗಿದ್ದೆ. ಶಾಲಾ ಸಂಸತ್ತಿನ ಚುನಾವಣೆಯ ಹೊಣೆ ನನ್ನದಾಗಿತ್ತು. ಮಕ್ಕಳು ಸಾಲಾಗಿ ಬಂದು, ಚೀಟಿಯಲ್ಲಿ ಹೆಸರು ಬರೆದು ಡಬ್ಬಿಯೊಳಗೆ ಹಾಕಿದರು. ಎಣಿಸಿ ನೋಡಿದಾಗ ಪಿಂಜಾರರ ಮನೆಯ ಹುಡುಗನೊಬ್ಬನು ಪ್ರಧಾನಮಂತ್ರಿಯಾಗಿ ಆಯ್ಕೆಯಾಗಿದ್ದನು. ಆಟದಲ್ಲಿ ಮುಂದು, ಮಾತಿನಲ್ಲಿ ಮಿತ. ಕಿರಿಯ ಮಕ್ಕಳಿಗೆ ಅವನೆಂದರೆ ಅಕ್ಕರೆ.

ಸಂಜೆ ಊರಿನ ಹಿರಿಯರಿಬ್ಬರು ನನ್ನಲ್ಲಿಗೆ ಬಂದರು. "ಮುಂಜಾನಿ ಸರಸ್ವತಿ ಪ್ರಾರ್ಥನಿಗೆ ಮುಂದ ನಿಲ್ಲಾವ ಪ್ರಧಾನಮಂತ್ರಿ ಅಲ್ಲೇನ್ರಿ ಮಾಸ್ತರ? ಈ ಹುಡುಗ ಹೆಂಗ ನಿಂತಾನು? ಎರಡನೇ ನಂಬರ ಬಂದವನ್ನ ಮಾಡ್ರಿ" ಎಂದರು. ಅವರು ದುಷ್ಟರಲ್ಲ, ರೂಢಿಗೆ ಅಂಜಿದವರು. ನಾನಾದರೋ ಅವರಿಗೆ ಅಂಜಿದೆ. ಮರುದಿನ ಹುಡುಗನನ್ನು ಕರೆದು, "ನೀನು ಉಪಪ್ರಧಾನಿಯಾಗು, ಎರಡೂ ಒಂದೇ" ಎಂದೆ. ಅವನು ತಲೆ ತಗ್ಗಿಸಿ ಕ್ಷಣಹೊತ್ತು ನಿಂತನು. ಆಮೇಲೆ, "ಚೀಟಿ ಎಣಿಸಿದವ್ರು ನೀವ ಅಲ್ರೀ ಸರ?" ಎಂದಷ್ಟೇ ಕೇಳಿ ಹೊರಟುಹೋದನು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದ್ದು ದೀಪ ಹಚ್ಚಿ, ನಮ್ಮ ಸಂವಿಧಾನದ ಪುಸ್ತಕವನ್ನು ತೆರೆದೆ. ಕೇವಲ ಧರ್ಮ, ಜಾತಿ, ಲಿಂಗಗಳಂಥ ಕಾರಣದಿಂದ ಯಾವ ಪ್ರಜೆಯನ್ನೂ ಸರಕಾರದ ಹುದ್ದೆಗೆ ಅನರ್ಹನೆನ್ನಬಾರದೆಂದು ಅದರ 16ನೆಯ ಅನುಚ್ಛೇದ ಸಾರುತ್ತದೆ. ಧಾರ್ಮಿಕ ಸಂಸ್ಥೆಯ ಆಡಳಿತಕ್ಕೆ ಸಂಬಂಧಿಸಿದ ಹುದ್ದೆಗೆ ಮಾತ್ರ ಆ ಧರ್ಮದವರೇ ಬೇಕೆಂಬ ನಿಯಮವಿರಬಹುದೆಂದೂ ಅಲ್ಲಿಯೇ ಹೇಳಿದೆ. ನನ್ನ ತಪ್ಪು ಆಗ ಹೊಳೆಯಿತು. ಅರ್ಚಕನ ಕೆಲಸವನ್ನೂ ನಾಯಕನ ಕೆಲಸವನ್ನೂ ನಾನು ಒಂದಾಗಿ ಬೆರೆಸಿದ್ದೆ.

ಈ ಬೆರಕೆಯಿಂದ ದೊಡ್ಡ ದೊಡ್ಡ ದೇಶಗಳೇ ಬಳಲಿವೆ. ಇಂಗ್ಲೆಂಡಿನಲ್ಲಿ ಯೆಹೂದ್ಯನಾದ ಲಯೊನೆಲ್ ರಾಥ್‌ಚೈಲ್ಡನು 1847ರಲ್ಲಿಯೇ ಪಾರ್ಲಿಮೆಂಟಿಗೆ ಆಯ್ಕೆಯಾದರೂ, ಕ್ರೈಸ್ತ ಧರ್ಮದ ಮೇಲೆ ಆಣೆಯಿಡಲೊಲ್ಲದೆ 1858ರವರೆಗೆ ಕಾಯಬೇಕಾಯಿತು. ಅಮೆರಿಕದವರಾದರೋ 1787ರಲ್ಲಿ ರಚಿಸಿದ ತಮ್ಮ ಸಂವಿಧಾನದಲ್ಲಿ, ರಾಷ್ಟ್ರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಕೂಡದೆಂದು ಬರೆದರು. ನಮ್ಮ ನಾಡಿನ ನೆನಪುಗಳೂ ಹಿರಿದಾದುವು. ಹೈದರ್ ಮತ್ತು ಟಿಪ್ಪುವಿನ ಆಡಳಿತದಲ್ಲಿ ಬ್ರಾಹ್ಮಣರಾದ ಪೂರ್ಣಯ್ಯನವರು ಹಣಕಾಸನ್ನು ನೋಡಿಕೊಂಡರು; ನಾಲ್ವಡಿ ಕೃಷ್ಣರಾಜ ಒಡೆಯರು 1926ರಲ್ಲಿ ಮಿರ್ಜಾ ಇಸ್ಮಾಯಿಲರನ್ನು ದಿವಾನರನ್ನಾಗಿ ಮಾಡಿದರು. ಮುಂದೆ 1994ರಲ್ಲಿ, ಕನ್ನಡಿಗರೇ ಆದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ, ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲಲಕ್ಷಣಗಳಲ್ಲೊಂದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಧರ್ಮವನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ದೇವರ ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನು ಚಾವಡಿಯ ಬಾಗಿಲಲ್ಲಿ ಕೇಳಬಾರದೆಂದು ಅರ್ಥ.

ಬೆಳಗಾದೊಡನೆ ಆ ಹಿರಿಯರ ಮನೆಗೆ ಹೋಗಿ, "ಮಕ್ಕಳು ಆರಿಸಿದವನೇ ಪ್ರಧಾನಮಂತ್ರಿ. ಪ್ರಾರ್ಥನೆಯನ್ನು ಹಾಡಬಲ್ಲ ಹೆಣ್ಣುಮಕ್ಕಳು ನಡೆಸುವರು" ಎಂದು ವಿನಯದಿಂದ ತಿಳಿಸಿದೆ. ಅವರು ಸುಮ್ಮನಾದರು. ಅನಂತರ ಎಲ್ಲ ಮಕ್ಕಳೆದುರು, "ನಿನ್ನೆ ಇವನಿಗೆ ನಾನು ಹೇಳಿದ ಮಾತು ತಪ್ಪು" ಎಂದು ಒಪ್ಪಿಕೊಂಡೆ. ಹಾಗೆನ್ನುವಾಗ ನನ್ನ ಧ್ವನಿ ನಡುಗಿತು; ಆದರೆ ಎದೆ ಹಗುರಾಯಿತು.

ನಮ್ಮ ಶಾಸಕರೂ ಮಂತ್ರಿಗಳೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಇಲ್ಲವೇ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಕೈಕೊಳ್ಳಬಹುದು. ಆಯ್ಕೆ ಅವರದು. ಆ ಎರಡು ಬಗೆಗಳನ್ನೂ ಹುಡುಗನ ಮುಂದಿಟ್ಟೆ. ಅವನು ನೆಟ್ಟಗೆ ನಿಂತು, ಬಲಗೈ ಮುಂದೆ ಚಾಚಿ, ದೇವರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದನು.

ಯಾವ ದೇವರೆಂದು ಅವನು ಹೇಳಲಿಲ್ಲ. ನಾವಾರೂ ಕೇಳಲಿಲ್ಲ. ಕೇಳುವ ಅಧಿಕಾರವೂ ನಮಗಿರಲಿಲ್ಲ.