ಹೊಸ್ತಿಲ ಮೇಲಿನ ಹೂಗಳು

ಆಷಾಢ ಬಂತೆಂದರೆ ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೊರಡಬೇಕು. ಅತ್ತೆ ಸೊಸೆಯರು ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದೆಂಬುದು ಹಳೆಯ ಮಾತು. ಆಗ ಗರ್ಭ ನಿಂತರೆ ಹೆರಿಗೆ ಚೈತ್ರದ ಬಿಸಿಲಿಗೆ ಬರುವುದೆಂದು ಕೆಲವರು ಕಾರಣ ಹೇಳುವರು. ಬೇಸಾಯದ ಕಾಲದಲ್ಲಿ ಹೊಸ ಗಂಡನ ಮನಸ್ಸು ಹೊಲ ಬಿಟ್ಟು ಮನೆಯ ಕಡೆ ಹರಿಯಬಾರದೆಂದು ಮತ್ತೆ ಕೆಲವರು. ಹೊಲವೇ ಇಲ್ಲದ ಬೆಂಗಳೂರಿನ ಮನೆಗಳಲ್ಲಿ ಕಾರಣಗಳು ಸವೆದುಹೋಗಿದ್ದರೂ ಎಷ್ಟೋ ಕಡೆ ಪದ್ಧತಿ ಉಳಿದುಕೊಂಡಿದೆ.

ವೈಶಾಖದಲ್ಲಿ ಮದುವೆಯಾದ ಆ ಹುಡುಗಿಯೂ ಹೀಗೆಯೇ ಮೈಸೂರಿನ ತವರಿಗೆ ಬಂದಳು. ಹೊರಡುವ ಹಿಂದಿನ ರಾತ್ರಿ, “ನಿಮ್ಮ ತಾಯಿಯವರಿಗೆ ನೀವೊಂದು ಮಾತು ಹೇಳಬಾರದೆ?” ಎಂದು ಗಂಡನನ್ನು ಕೇಳಿದ್ದಳು. ಆತ ಪೆಟ್ಟಿಗೆಯ ಬೀಗವನ್ನು ಸರಿಪಡಿಸುತ್ತ, ತಲೆಯೆತ್ತದೆ, “ಒಂದು ತಿಂಗಳು ತಾನೆ!” ಎಂದುಬಿಟ್ಟ. ಆ ಮಾತು ರೈಲಿನಲ್ಲಿ ಮೈಸೂರಿನವರೆಗೂ ಆಕೆಯ ಪಕ್ಕದಲ್ಲೇ ಕುಳಿತು ಬಂದಿತು.

ಮೊದಲ ವಾರ ಆಕೆ ಬಿಡುವೇ ಇಲ್ಲದಂತೆ ದುಡಿದಳು. ಕಛೇರಿಯ ಕೆಲಸ ಮನೆಯಿಂದಲೇ ಸಾಗುವಂಥದು. ಅದು ಮುಗಿದರೆ ತಾಯಿಯ ಬೀರು ಜೋಡಿಸುವುದು, ತಮ್ಮನಿಗೆ ಪಾಠ ಹೇಳುವುದು. ಆಷಾಢದ ಮೊದಲ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನೂ ಹತ್ತಿ ಬಂದಳು. ಅಜ್ಜಿ ತನ್ನದೇ ರೀತಿಯಲ್ಲಿ ಸಮಾಧಾನ ಹೇಳಿದರು: “2015ರಲ್ಲಿ ಅಧಿಕ ಆಷಾಢ ಬಂದಿತ್ತು ಮಗೂ. ಆ ವರ್ಷದ ಮದುಮಕ್ಕಳಿಗೆ ಎರಡೆರಡು ಆಷಾಢ! ನಿನ್ನದು ಒಂದೇ.”

ಹಗಲು ಹೇಗೋ ಸರಿಯುತ್ತಿತ್ತು. ರಾತ್ರಿ ಗಂಡನ ಫೋನು ಬರುತ್ತಿತ್ತು.

“ಊಟವಾಯಿತೆ?”

“ಆಯಿತು. ನಿಮ್ಮದು?”

“ಆಯಿತು.”

ಆಮೇಲೆ ಎರಡೂ ಕಡೆ ಮೌನ. ಜಗಳವಾಗಿದ್ದರೆ ರಾಜಿಯಾಗಬಹುದಿತ್ತು, ಆಡಲು ಮಾತೇ ಇಲ್ಲದಿದ್ದರೆ ಏನು ಮಾಡುವುದು? ಕೆಲವೇ ವಾರಗಳ ಪರಿಚಯ. ಇದ್ದ ಮಾತುಗಳೆಲ್ಲ ಅಷ್ಟರಲ್ಲೇ ಮುಗಿದುಹೋದವೇ ಎಂಬ ಭಯ ಆಕೆಯನ್ನು ಹಿಡಿಯಿತು.

ಅಂಥದೊಂದು ರಾತ್ರಿ ತಂದೆಯ ಕಪಾಟಿನಿಂದ ಬೇಂದ್ರೆಯವರು ಕನ್ನಡಿಸಿದ ಮೇಘದೂತ ಕೈಗೆ ಬಂದಿತು. ಕರ್ತವ್ಯದಲ್ಲಿ ತಪ್ಪಿ, ಒಡೆಯನ ಶಾಪದಿಂದ ಒಂದು ವರ್ಷ ಮಡದಿಯನ್ನು ಅಗಲಿದ ಯಕ್ಷನು ಆಷಾಢದಲ್ಲಿ ಮೋಡವನ್ನು ಕಂಡು ಅದರೊಡನೆ ಸಂದೇಶ ಕಳುಹಿಸುವ ಕಥೆ ಶಾಲೆಯಲ್ಲಿ ಓದಿದ್ದೇ. ಆಗ ಮೋಡದ ದಾರಿಯಷ್ಟೇ ಕಣ್ಣಿಗೆ ಬಿದ್ದಿತ್ತು. ಈಗ ಅಳಕೆಯಲ್ಲಿ ಕಾಯುತ್ತಿರುವ ಹೆಣ್ಣು ಕಂಡಳು. ಆಕೆ ಸುಮ್ಮನೆ ಕುಳಿತವಳಲ್ಲ. ಗಂಡನ ಚಿತ್ರ ಬರೆಯುವಳು. ಪಂಜರದ ಹಕ್ಕಿಯೊಡನೆ ಅವನ ಮಾತನ್ನೇ ಆಡುವಳು. ಅವನ ಹೆಸರಿನ ಹಾಡನ್ನು ವೀಣೆಯಲ್ಲಿ ನುಡಿಸಹೋಗಿ, ಕಣ್ಣೀರಿನಿಂದ ತಂತಿ ತೊಯ್ದು, ತಾನೇ ಕಟ್ಟಿದ ಸ್ವರಗಳನ್ನು ಮರೆಯುವಳು. ಉಳಿದ ತಿಂಗಳುಗಳನ್ನು ಹೊಸ್ತಿಲಲ್ಲಿಟ್ಟ ಹೂಗಳಿಂದ ಎಣಿಸುವಳು. ಹಗಲಿನಲ್ಲಿ ಕೆಲಸವಿರುವುದರಿಂದ ಅವಳಿಗೆ ಅಗಲಿಕೆ ಅಷ್ಟಾಗಿ ಬಾಧಿಸದು, ಇರುಳೇ ಕಷ್ಟ ಎಂದು ಯಕ್ಷನೇ ಮೋಡಕ್ಕೆ ತಿಳಿಸುತ್ತಾನೆ.

ಹುಡುಗಿ ಪುಸ್ತಕ ಮುಚ್ಚಿ ಯೋಚಿಸಿದಳು. ಯಕ್ಷಪತ್ನಿಯ ಕೆಲಸಗಳೆಲ್ಲವೂ ಅವನ ಕಡೆಗೇ ಮುಖ ಮಾಡಿದ್ದವು. ತನ್ನ ಕೆಲಸಗಳೋ ಅವನನ್ನು ಮರೆಯಲು ಹುಡುಕಿಕೊಂಡಂಥವು. ದಿನವನ್ನು ಕೊಲ್ಲಲು ಮಾಡಿದ ಕೆಲಸ ದಿನದೊಂದಿಗೇ ಮುಗಿಯುತ್ತದೆ. ಇರುಳಿಗೆ ಏನೂ ಉಳಿಯುವುದಿಲ್ಲ. ಬರುವವನಿಗಾಗಿ ಮಾಡಿದ್ದಾದರೆ ನಾಳೆಗೂ ಒಂದಿಷ್ಟು ಉಳಿದಿರುತ್ತದೆ.

ವೀಣೆ ಶೇಷಣ್ಣನವರು (1852–1926) ಬಾಳಿದ ಊರು ಮೈಸೂರು. ಆ ಮನೆಯ ಮೂಲೆಯಲ್ಲೂ ಬಟ್ಟೆ ಹೊದ್ದ ವೀಣೆಯೊಂದಿತ್ತು. ಕಾಲೇಜು ಸೇರಿದ ಮೇಲೆ ಆಕೆ ಅದನ್ನು ಮುಟ್ಟಿರಲಿಲ್ಲ. “ನಿನ್ನ ವೀಣೆ ಒಂದು ದಿನ ಕೇಳಬೇಕು” ಎಂದು ಗಂಡ ಮದುವೆಯ ಹೊಸದರಲ್ಲಿ ಹೇಳಿದ್ದುದು ನೆನಪಾಯಿತು. ಮೇಣ ಸಡಿಲಿ ಅಲುಗಾಡುತ್ತಿದ್ದ 24 ಮೆಟ್ಟಿಲುಗಳನ್ನು ಬಲ್ಲವರು ಮತ್ತೆ ಕೂಡಿಸಿಕೊಟ್ಟರು. ಮೋಹನ ರಾಗದ ವರ್ಣವನ್ನು ಆಕೆ ರಾತ್ರಿಯ ಹೊತ್ತಿನಲ್ಲಿ ಅಭ್ಯಾಸ ಮಾಡತೊಡಗಿದಳು. ಬೆಟ್ಟದ ಸಾವಿರ ಮೆಟ್ಟಿಲು ಒಂದೇ ಬೆಳಗಿನಲ್ಲಿ ಮುಗಿದಿದ್ದವು; ಈ 24 ಎರಡು ವಾರವಾದರೂ ಮುಗಿಯಲಿಲ್ಲ.

ಫೋನಿನಲ್ಲಿ ಈಗ ಹೇಳಲು ಸುದ್ದಿಯಿತ್ತು. ಬೆರಳ ತುದಿ ಕೊಯ್ದದ್ದು, ತಂತಿ ಹರಿದದ್ದು, ಅಜ್ಜಿ ತಾಳ ತಪ್ಪಿಸಿದ್ದು. ಒಂದು ರಾತ್ರಿ ಆತ, “ವೀಣೆ ಎಷ್ಟು ಉದ್ದವಿರುತ್ತದೆ?” ಎಂದು ಕೇಳಿದ. “ನಾಲ್ಕು ಅಡಿಯ ಮೇಲೆ. ಯಾಕೆ?” “ಸುಮ್ಮನೆ,” ಎಂದ. ಹಿಂದಿನಿಂದ ಬಡಗಿಯ ಸುತ್ತಿಗೆಯ ಸದ್ದು ಕೇಳಿಸಿತು. ಅಂದು ಆಕೆಗೆ ಬೇಗ ನಿದ್ದೆ ಬಂದಿತು.

ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ. ಅಳಿಯನಿಗೆ ಕರೆ ಹೋಗಿತ್ತು. ಮಳೆಯಲ್ಲಿ ತೊಯ್ದೇ ಬಂದ. ಪೂಜೆ ಮುಗಿಸಿ ಆಕೆ ಒಂಬತ್ತು ಗಂಟಿನ ಅರಿಶಿನ ದಾರವನ್ನು ಕಟ್ಟಿಸಿಕೊಂಡಳು. ಕಡುಬಿನೊಳಗೆ ನಾಣ್ಯವಿಟ್ಟು ಹೂವಿನೊಡನೆ ಹೊಸ್ತಿಲ ಮೇಲಿರಿಸಿದ ಭಂಡಾರವನ್ನು ತಮ್ಮ ಮೊಣಕೈಯಿಂದ ಒಡೆದ. ಸಂಜೆ ವರ್ಣ ನುಡಿಸುವಾಗ ಒಂದೆಡೆ ಸ್ವರ ಮರೆತೇಹೋಯಿತು. ಯಕ್ಷಪತ್ನಿಯ ನೆನಪಾಗಿ ಆಕೆ ನಕ್ಕುಬಿಟ್ಟಳು.

ಎಲ್ಲರೂ ಎದ್ದುಹೋದ ಮೇಲೆ, “ಅಂತೂ ಒಂದು ತಿಂಗಳು ಮುಗಿಯಿತು,” ಎಂದಳು, ಆತನ ಹಳೆಯ ಮಾತನ್ನು ಹಿಂದಿರುಗಿಸುವಂತೆ.

“ಒಂದು ತಿಂಗಳಲ್ಲ,” ಎಂದ ಆತ, “ಇಪ್ಪತ್ತೊಂಬತ್ತು ದಿನ.”

ಹೊಸ್ತಿಲ ಹೂಗಳನ್ನು ಅಲ್ಲಿಯೂ ಒಬ್ಬರು ಎಣಿಸುತ್ತಿದ್ದರೆಂದು ಆಕೆಗೆ ಆಗ ತಿಳಿಯಿತು.